ಕೊಳ್ಳೇಗಾಲದ ಸೀಮೆಯ ಕ್ರೈಸ್ತಾರಾಧನೆಯೂ ಅದರ ಪದಸಂಪತ್ತೂ

ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಕ್ರೈಸ್ತರ ಕನ್ನಡವೆಂಬ ಪ್ರಕರಣವು ಸಾಮಾನ್ಯವಾಗಿ ಬಳ್ಳಾರಿಯಲ್ಲಿ ಮೊದಲಾಗಿ ಮಂಗಳೂರಿನಲ್ಲಿ ಮುಗಿಯುವುದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿಗೆ ಸೇರಿದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಇವರು ಬೈಬಲನ್ನು ಕನ್ನಡಿಸಿದುದು, ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟವನ್ನು ನಡೆಸಿದುದು, ೧೮೪೩ರಲ್ಲಿ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದುದು, ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಪ್ರಕಟವಾದುದು—ಇವು ಎಲ್ಲರೂ ಬಲ್ಲ ಸಂಗತಿಗಳು. ಇವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದು ಅಚ್ಚಾದ ಪುಸ್ತಕಗಳ ಚರಿತ್ರೆಯಾಯಿತೇ ಹೊರತು ಜನರು ಮಂಡಿಯೂರಿ ಆಡಿದ, ಮೆರವಣಿಗೆಯಲ್ಲಿ ಹಾಡಿದ, ಮಕ್ಕಳಿಗೆ ಹೆಸರಾಗಿ ಇಟ್ಟ ಮಾತುಗಳ ಚರಿತ್ರೆಯಾಗಲಿಲ್ಲ.

ಮೈಸೂರು ಸೀಮೆಯ ಆಗ್ನೇಯ ಭಾಗದಲ್ಲಿ, ಎಂದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸುತ್ತಿನಲ್ಲಿ, ಕ್ರೈಸ್ತಾರಾಧನೆಯ ಪದಗಳನ್ನೂ ಉಪಕರಣಗಳನ್ನೂ ಪರಿಶೀಲಿಸಿದರೆ, ಅವುಗಳಲ್ಲಿ ಹಲವು ಮಂಗಳೂರಿನಿಂದಲೂ ಬಳ್ಳಾರಿಯಿಂದಲೂ ಬಂದುವಲ್ಲವೆಂಬುದು ವಿದಿತವಾಗುವುದು. ಅವು ಮುದ್ರಣಕ್ಕಿಂತ ಹಿಂದೆ, ದಕ್ಷಿಣದ ಘಟ್ಟಗಳನ್ನು ಹತ್ತಿ ಬಂದುವು. ಬಂದು, ಅವುಗಳಲ್ಲಿ ಕೆಲವು ಮುಂದೆ ಅಚ್ಚಿನ ಕನ್ನಡವನ್ನೂ ಸೇರಿದುವು. ಇದನ್ನು ತೋರಿಸಿಕೊಡುವುದು ಪ್ರಕೃತ ಲೇಖನದ ಉದ್ದೇಶ. ಈ ಹಳೆಯ ಪದಗಳು ಕಳೆದ ಅರುವತ್ತು ವರ್ಷಗಳಿಂದ ಬಳಕೆ ತಪ್ಪುತ್ತಿರುವುದರಿಂದ ಈ ವಿಚಾರವು ಕೇವಲ ಕುತೂಹಲದ್ದಲ್ಲ, ಕಾಲಹರಣಕ್ಕೆ ಅವಕಾಶವಿಲ್ಲದ್ದು.

೧. ಸೀಮೆಯ ಸ್ವರೂಪ

ಮೊದಲು ಈ ನೆಲದ ಸ್ಥಿತಿಯನ್ನು ತಿಳಿಯಬೇಕು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಕೊಳ್ಳೇಗಾಲದ ಸೀಮೆಯು ಕಂಪೆನಿಯವರ ಆಳ್ವಿಕೆಗೆ ಒಳಗಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದಕ್ಕೆ ಹೊಂದಿಕೊಂಡ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ಒಂದೇ ಮಾತು, ಒಂದೇ ಜಾತ್ರೆ, ಒಂದೇ ಸಂತೆಗಳಿಂದ ಕೂಡಿದ್ದ ನೆರೆಹೊರೆಯ ಊರುಗಳು ಒಂದೂವರೆ ಶತಮಾನ ಕಾಲ ಎರಡು ಸರ್ಕಾರಗಳಿಗೆ ಕಂದಾಯ ತೆತ್ತುವು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದು ಸೇರಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ಏರ್ಪಟ್ಟಾಗ ಈ ಪ್ರದೇಶವೆಲ್ಲ ಅದರೊಳಗಾಯಿತು. ಹನೂರು ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು.

ಈ ಸೀಮೆಯಿಂದ ಕೊಂಗುನಾಡಿಗೆ ಇಳಿಯಲು ಹಿಂದಿನಿಂದಲೂ ಘಟ್ಟದ ದಾರಿಗಳಿದ್ದುವು. ಪಶ್ಚಿಮಕ್ಕೆ ಸತ್ಯಮಂಗಲದ ಕಡೆ ಇಳಿಯುವ ಗಜಲಹಟ್ಟಿಯ ಕಣಿವೆ. ಪೂರ್ವಕ್ಕೆ ಕೊಳ್ಳೇಗಾಲದಿಂದ ಹೊರಟು ಬೆಟ್ಟಗಳ ನಡುವೆ ಕಾವೇರಿಯ ದಡಕ್ಕೆ ಇಳಿಯುವ ಕಾವೇರಿಪುರದ ಕಣಿವೆ. ದಂಡುಗಳೂ ವರ್ತಕರೂ ಹರಕೆ ಹೊತ್ತವರೂ ನಡೆದಾಡಿದ ದಾರಿಗಳಿವು. ಇಂದು ಕಾಮಗೆರೆ, ಮಾರ್ಟಳ್ಳಿ, ಸಂದನಪಾಳ್ಯ ಮೊದಲಾದ ಊರುಗಳಲ್ಲಿರುವ ಕಥೋಲಿಕ ಸಮಾಜಗಳು ಮೈಸೂರು ಧರ್ಮಪ್ರಾಂತಕ್ಕೆ ಸೇರಿವೆ. ಮಾರ್ಟಳ್ಳಿಯ ಕಡೆಯವರಲ್ಲಿ ಬಹುಜನರ ಮನೆಮಾತು ತಮಿಳು. ಕಛೇರಿಯ ಮತ್ತು ಶಾಲೆಯ ಮಾತು ಕನ್ನಡ. ಈ ದ್ವಿಭಾಷಾಸ್ಥಿತಿಯೇ ನಮ್ಮ ವಿಚಾರಕ್ಕೆ ಕೀಲಿಕೈ.

೨. ಎರಡು ದಾರಿಗಳು, ಎರಡು ಪದವರ್ಗಗಳು

ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರೊಡನೆ ಬಂದ ಕಥೋಲಿಕ ಗುರುಗಳು ಆರಾಧನೆಯ ಪರಿಭಾಷೆಯನ್ನು ಬಹುಮಟ್ಟಿಗೆ ತಮ್ಮ ಭಾಷೆಯಿಂದಲೇ ಎತ್ತಿ ದೇಶಭಾಷೆಗಳಲ್ಲಿ ಇಟ್ಟರು. ಗೋವೆಯಿಂದ ಕರಾವಳಿಯಲ್ಲಿ ಹರಡಿದ ಕ್ರೈಸ್ತರ ಕೊಂಕಣಿಯಲ್ಲಿ ಇಗರ್ಜಿ, ಪಾದ್ರಿ, ಮೀಸ್, ತೇರ್ಸ್, ಖುರಿಸ್, ಫೆಸ್ತ್ ಎಂಬ ಮಾತುಗಳು ಈಗಲೂ ಬಳಕೆಯಲ್ಲಿವೆ. ಇವೆಲ್ಲವೂ ಪೋರ್ತುಗೀಜಿನ ತದ್ಭವಗಳು.

೧೬೦೬ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ದೆ ನೊಬಿಲಿಯವರು ಬೇರೊಂದು ಮಾರ್ಗವನ್ನು ಹಿಡಿದರು. ಅವರು ಸಂನ್ಯಾಸಿಯ ಉಡುಪನ್ನು ತೊಟ್ಟು, ಸಂಸ್ಕೃತ ತಮಿಳುಗಳನ್ನು ಕಲಿತು, ಪರಭಾಷೆಯ ಪದಗಳಿಗೆ ಬದಲಾಗಿ ದೇಶೀಯ ಪದಗಳನ್ನು ನಿಲ್ಲಿಸಿದರು. ದೇವಾಲಯಕ್ಕೆ ಕೋವಿಲ್, ಬಲಿಯರ್ಪಣೆಗೆ ಪೂಸೈ, ಧರ್ಮಕ್ಕೆ ವೇದ, ಯಾಜಕನಿಗೆ ಗುರು, ದೇವರ ಕೃಪೆಗೆ ಪ್ರಸಾದ—ಈ ಪದ್ಧತಿಯು ಮಧುರೆಯಿಂದ ಉತ್ತರಕ್ಕೆ ಹಬ್ಬಿತು.

ಹದಿನೇಳನೆಯ ಶತಮಾನದ ಮಧ್ಯದಲ್ಲಿ, ಕಂಠೀರವ ನರಸರಾಜ ಒಡೆಯರ (೧೬೩೮–೧೬೫೯) ಆಳ್ವಿಕೆಯಲ್ಲಿ, ಇಟಲಿಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಅವರೂ ಸಂನ್ಯಾಸಿವೇಷವನ್ನೇ ಧರಿಸಿದರು. ಕನ್ನಡದಲ್ಲಿ ವ್ಯಾಕರಣ, ಪದಕೋಶ, ಧರ್ಮೋಪದೇಶಗಳನ್ನು ರಚಿಸಿದರೆಂದು ಆ ಸಭೆಯ ದಾಖಲೆಗಳು ಹೇಳುತ್ತವೆ. ಈ ಮಿಷನ್ನಿನ ದಕ್ಷಿಣದ ತೋಳು ಸತ್ಯಮಂಗಲದ ಸೀಮೆಯವರೆಗೂ ಚಾಚಿತ್ತು. ಆದುದರಿಂದ ಒಂದೇ ಮಿಷನ್ನಿನಲ್ಲಿ ಕನ್ನಡವೂ ತಮಿಳೂ ಜೊತೆಜೊತೆಯಾಗಿ ಬಳಕೆಯಾದುವು. ಶ್ರೀರಂಗಪಟ್ಟಣಕ್ಕೂ ಸತ್ಯಮಂಗಲಕ್ಕೂ ನಡುವಣ ನೆಲವೇ ನಾವು ವಿಚಾರಿಸುತ್ತಿರುವ ಸೀಮೆ.

ಇದರ ಫಲವಾಗಿ ಕರಾವಳಿಯವರು ಪಾದ್ರಿ ಎಂದಲ್ಲಿ ಒಳನಾಡಿನವರು ಸ್ವಾಮಿಯವರು ಎನ್ನುವರು. ಅವರು ಮೀಸ್ ಎಂದಲ್ಲಿ ಇವರು ಪೂಜೆ ಎನ್ನುವರು. ಅವರು ತೇರ್ಸ್ ಎಂದಲ್ಲಿ ಇವರಿಗೆ ಜಪಮಾಲೆ ಅಥವಾ ಜಪಸರ. ಅವರ ಫೆಸ್ತ್ ಇವರಿಗೆ ಹಬ್ಬ. ಒಂದೇ ಮತ, ಒಂದೇ ಪೂಜಾವಿಧಿ, ಒಂದೇ ರಾಜ್ಯ; ಆದರೂ ಪದಗಳು ಎರಡು ಬೇರೆ ಚರಿತ್ರೆಗಳನ್ನು ನುಡಿಯುತ್ತವೆ.

ಇಗರ್ಜಿ ಮತ್ತು ದೇವಾಲಯ ಎಂಬ ಜೋಡಿಯು ವಿಶೇಷವಾಗಿ ವಿಚಾರಾರ್ಹವಾಗಿದೆ. ಇಗರ್ಜಿಯ ಮೂಲವು ಪೋರ್ತುಗೀಜಿನ ಇಗ್ರೆಜ. ಅದರ ಮೂಲವು ಗ್ರೀಕಿನ ಎಕ್ಲೇಸಿಯಾ, ಎಂದರೆ ಕರೆಯಲ್ಪಟ್ಟು ಕೂಡಿದ ಜನರ ಸಭೆ. ಇಂಗ್ಲಿಷಿನ ಚರ್ಚ್, ಜರ್ಮನಿನ ಕಿರ್ಖೆ ಎಂಬುವು ಗ್ರೀಕಿನ ಮತ್ತೊಂದು ಪದವಾದ ಕುರಿಯಕೋನ್ ಎಂಬುದರಿಂದ ಬಂದುವು. ಅದರ ಅರ್ಥ ಒಡೆಯನಿಗೆ ಸೇರಿದುದು, ಅವನ ಮನೆ. ಕನ್ನಡದಲ್ಲಿ ಈ ಎರಡು ಭಾವಗಳೂ ಬೇರೆ ಬೇರೆಯಾಗಿ ನೆಲೆಗೊಂಡಿವೆ. ಒಳನಾಡಿನ ಕಥೋಲಿಕರು ದೇವಾಲಯವೆಂದು ದೇವರ ಮನೆಯ ಭಾವವನ್ನು ಹಿಡಿದರು. ಪ್ರಾಟೆಸ್ಟೆಂಟರು ಸಭೆಯೆಂದು ಕೂಟದ ಭಾವವನ್ನು ಹಿಡಿದರು. ಸೋಜಿಗವೆಂದರೆ, ಸಭೆಯೆಂಬರ್ಥದ ಮೂಲವನ್ನುಳ್ಳ ಇಗರ್ಜಿ ಎಂಬ ಪದವು ಕರಾವಳಿಯಲ್ಲಿ ಕಟ್ಟಡದ ಹೆಸರಾಗಿಯೇ ಜನರ ಬಾಯಲ್ಲಿ ನಿಂತಿರುವುದು.

೩. ಶಿಲುಬೆಯ ಸಾಕ್ಷ್ಯ

ನಮ್ಮ ವಾದಕ್ಕೆ ಪ್ರಬಲವಾದ ಆಧಾರವು ಶಿಲುಬೆ ಎಂಬ ಒಂದು ಪದದಲ್ಲಿದೆ. ಇದು ಸಂಸ್ಕೃತವಲ್ಲ, ಪೋರ್ತುಗೀಜೂ ಅಲ್ಲ, ಇಂಗ್ಲಿಷೂ ಅಲ್ಲ. ತಮಿಳಿನಲ್ಲಿ ಇದರ ರೂಪವು ಸಿಲುವೈ. ಪದಾಂತ್ಯದ ಐಕಾರವು ಕನ್ನಡದಲ್ಲಿ ಎಕಾರವಾಗುವುದು ಮಲೈ–ಮಲೆ, ತಲೈ–ತಲೆ ಮೊದಲಾದ ಕಡೆಗಳಲ್ಲಿ ಸುಪ್ರಸಿದ್ಧವಾಗಿದೆ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರವು ನಿಲ್ಲುವುದು ವೇರ್–ಬೇರು ಮೊದಲಾದ ಪದಾದಿಯ ಉದಾಹರಣೆಗಳಿಂದ ಪರಿಚಿತವಾದುದು. ಇಲ್ಲಿ ಅದೇ ಸಂಬಂಧವು ಪದಮಧ್ಯದಲ್ಲಿ ಕಾಣುತ್ತದೆ. ತಮಿಳಿನ ಪದಕ್ಕೂ ಹಿಂದೆ ಹೋದರೆ ದೊರೆಯುವುದು ಸಿರಿಯಕ್ ಭಾಷೆಯ ಸ್ಲೀಬಾ. ಪೋರ್ತುಗೀಜರ ಹಡಗುಗಳಿಗೆ ಬಹು ಪೂರ್ವದಲ್ಲಿಯೇ ಮಲಬಾರಿನಲ್ಲಿ ನೆಲೆಸಿದ್ದ ಸಿರಿಯನ್ ಸಂಪ್ರದಾಯದ ಕ್ರೈಸ್ತರ ಆರಾಧನಾಭಾಷೆಯದು.

ಈಗ ಒಂದು ಪ್ರಶ್ನೆಯನ್ನು ಹಾಕಿಕೊಳ್ಳೋಣ. ಮಂಗಳೂರಿನ ಜರ್ಮನ್ ಪಂಡಿತರ ಸುತ್ತಲೂ ಇದ್ದ ಕಥೋಲಿಕರು ಖುರಿಸ್ ಎನ್ನುತ್ತಿದ್ದರು. ಆದರೂ ಕನ್ನಡದ ಬೈಬಲಿನಲ್ಲಿ ನೆಲೆಗೊಂಡುದು ಶಿಲುಬೆಯೇ. ಇಂದು ಪ್ರಾಟೆಸ್ಟೆಂಟರೂ ಕಥೋಲಿಕರೂ ಏಕಕಂಠದಿಂದ ಬಳಸುವುದು ಅದನ್ನೇ. ಕರಾವಳಿಯ ಪದವನ್ನು ಬಿಟ್ಟು ದಕ್ಷಿಣದ ಪದವು ಗ್ರಂಥಸ್ಥವಾಯಿತೆಂದರೆ, ಒಳನಾಡಿನ ಆರಾಧನೆಯ ಕನ್ನಡವು ಅಚ್ಚಿನ ಕನ್ನಡಕ್ಕೆ ಋಣಿಯಾಗಿರದೆ ಅದಕ್ಕೆ ದಾನಿಯಾಗಿತ್ತೆಂದು ಊಹಿಸುವುದು ಯುಕ್ತವಾಗಿದೆ. ಬೈಬಲಿಗೆ ಕನ್ನಡದಲ್ಲಿ ರೂಢಿಯಾದ ಸತ್ಯವೇದವೆಂಬ ಹೆಸರನ್ನೂ ಇದರೊಡನೆ ಇಟ್ಟು ನೋಡಬಹುದು. ವೇದವೆಂಬ ಪದವನ್ನು ಕ್ರೈಸ್ತಧರ್ಮಕ್ಕೆ ಅನ್ವಯಿಸುವ ರೂಢಿಯು ಮಧುರೆಯ ಮಿಷನ್ನಿನಲ್ಲಿ ಬೆಳೆದುದು.

ಪ್ರಸಾದವೆಂಬ ಪದದ ಕಥೆ ಇನ್ನೂ ಸೂಕ್ಷ್ಮವಾದುದು. ಕಥೋಲಿಕರ ತಮಿಳಿನಲ್ಲಿ ದೇವರ ಕೃಪೆಯನ್ನು ಇಷ್ಟಪ್ರಸಾದವೆಂದು ಕರೆದರು. ಕನ್ನಡದಲ್ಲಿ ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ ಪರಮಪ್ರಸಾದವೆಂಬ ಹೆಸರು ನಿಂತಿತು. ಕೊಳ್ಳೇಗಾಲ ಯಳಂದೂರುಗಳ ನೆಲದಲ್ಲಿ ವೀರಶೈವ ಮಠಗಳ ಪ್ರಭಾವವು ಬಹಳ. ಅಲ್ಲಿ ಇಷ್ಟವೆಂದರೆ ಇಷ್ಟಲಿಂಗವೂ ಪ್ರಸಾದವೆಂದರೆ ಅಷ್ಟಾವರಣಗಳಲ್ಲೊಂದೂ ನೆನಪಿಗೆ ಬರುವುವು. ಪದವು ಒಂದೇ ಆದರೂ ತತ್ತ್ವವು ಬೇರೆ. ಇಂಥ ಪದಗಳನ್ನು ಆರಿಸಿದವರು ಕೇಳುವವರ ಕಿವಿಗೆ ಹತ್ತಿರವಾಗುವ ಲಾಭವನ್ನು ಪಡೆದರು. ಅರ್ಥವು ಜಾರುವ ಅಪಾಯವನ್ನೂ ಜೊತೆಗೆ ಹೊತ್ತರು.

೪. ಹೆಸರುಗಳಲ್ಲಿ ಉಳಿದ ಪಾಂಡಿತ್ಯ

ದಕ್ಷಿಣ ಮೈಸೂರಿನ ಕಥೋಲಿಕ ಮನೆತನಗಳಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಚೌರಪ್ಪ, ಇನ್ನಾಸಪ್ಪ ಎಂಬ ಹೆಸರುಗಳು ಸಾಮಾನ್ಯವಾಗಿವೆ. ಮೇಲುನೋಟಕ್ಕೆ ಇವುಗಳಲ್ಲಿ ಮೊದಲೆರಡು ಯಾವ ಒಕ್ಕಲಿನವರ ಹೆಸರಾದರೂ ಆಗಬಹುದು. ವಿಚಾರಿಸಿದರೆ ಪ್ರತಿಯೊಂದೂ ಒಬ್ಬ ಸಂತರ ಹೆಸರೆಂದು ತಿಳಿಯುವುದು.

ಇವುಗಳಲ್ಲಿ ಎರಡು ಕ್ರಮಗಳಿವೆ. ಒಂದು ಅರ್ಥಾನುವಾದ, ಇನ್ನೊಂದು ಧ್ವನಿಯ ಅನುಸರಣೆ. ಪೇತ್ರನೆಂದರೆ ಗ್ರೀಕಿನಲ್ಲಿ ಬಂಡೆ. ಅದಕ್ಕೆ ಕಲ್ಲೆಂಬರ್ಥದ ರಾಯಿ ಎಂಬುದರಿಂದ ರಾಯಪ್ಪನೆಂದಾಯಿತೆಂದು ನಿಷ್ಪತ್ತಿ ಹೇಳುವರು. ಪೌಲನೆಂದರೆ ಲ್ಯಾಟಿನಿನಲ್ಲಿ ಸಣ್ಣವನು, ಆತನು ಚಿನ್ನಪ್ಪನಾದನು. ಯೋಹಾನನೆಂದರೆ ಹೀಬ್ರೂವಿನಲ್ಲಿ ದೇವರು ಕೃಪೆದೋರಿದನೆಂದು ಅರ್ಥ. ಕೃಪೆಗೆ ತಮಿಳಿನಲ್ಲಿ ಅರುಳ್, ಆದುದರಿಂದ ಅರುಳಪ್ಪ. ಹೀಗೆ ಮೂರು ಹೆಸರುಗಳಲ್ಲಿ ಗ್ರೀಕು, ಲ್ಯಾಟಿನು, ಹೀಬ್ರೂ ಮೂರು ಭಾಷೆಗಳ ಜ್ಞಾನವು ಅಡಗಿರುವುದು. ಇಂಥ ಹೆಸರುಗಳನ್ನು ರೂಢಿಗೆ ತಂದವರ ವಿದ್ವತ್ತಿಗೆ ಇವೇ ಶಾಸನಗಳು. ಇನ್ನೊಂದು ಕ್ರಮದಲ್ಲಿ ಷವಿಯೆರನು ಸವೇರಿಯಾಗಿ ಕನ್ನಡದಲ್ಲಿ ಚೌರಪ್ಪನಾದನು. ಪೋರ್ತುಗೀಜಿನ ಇನಾಸಿಯು ಇನ್ನಾಸಪ್ಪನಾದನು.

ಕೆಲವು ಹೆಸರುಗಳು ಕಾಲನಿರ್ಣಯಕ್ಕೂ ಸಹಾಯಕವಾಗಿವೆ. ಲೂರ್ದಮ್ಮ, ಲೂರ್ದಯ್ಯ ಎಂಬುವು ಫ್ರಾನ್ಸಿನ ಲೂರ್ದಿನಲ್ಲಿ ೧೮೫೮ರಲ್ಲಿ ಮಾತೆ ಮರಿಯಳ ದರ್ಶನವಾಯಿತೆಂಬ ನಂಬಿಕೆಯು ಹಬ್ಬಿದ ಮೇಲೆ ಮಾತ್ರ ಇಟ್ಟಿರಬಹುದಾದ ಹೆಸರುಗಳು. ಫಿಲೋಮಿನ ಎಂಬ ಸಂತಳ ಅಸ್ಥಿಗಳು ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ದೊರೆತುದು ೧೮೦೨ರಲ್ಲಿ. ಆದುದರಿಂದ ಆ ಹೆಸರು ಅದಕ್ಕಿಂತ ಹಳೆಯದಾಗಲಾರದು. ಸ್ಮಶಾನದ ಕಲ್ಲುಗಳಲ್ಲಿಯೂ ದೀಕ್ಷಾಸ್ನಾನದ ವಹಿಗಳಲ್ಲಿಯೂ ಇಂಥ ಹೆಸರುಗಳನ್ನು ಕ್ರಮವಾಗಿ ಎತ್ತಿ ಬರೆದರೆ, ಯಾವ ಭಕ್ತಿಯು ಯಾವ ತಲೆಮಾರಿನಲ್ಲಿ ಊರಿಗೆ ಬಂದಿತೆಂಬುದನ್ನು ನಿಷ್ಕರ್ಷಿಸಬಹುದು.

೫. ಲ್ಯಾಟಿನ್ ಪೂಜೆಯೂ ಬೀದಿಯ ಹಬ್ಬವೂ

೧೫೭೦ರಲ್ಲಿ ಐದನೆಯ ಪಿಯುಸ್ ಪೋಪರು ಪ್ರಕಟಿಸಿದ ಪೂಜಾಗ್ರಂಥವು ಸುಮಾರು ನಾಲ್ಕು ಶತಮಾನ ಕಾಲ ರೋಮನ್ ಕಥೋಲಿಕರಲ್ಲಿ ಪ್ರಮಾಣವಾಗಿತ್ತು. ಅದರ ಭಾಷೆ ಲ್ಯಾಟಿನು. ಗುರುವು ಜನರಿಗೆ ಬೆನ್ನು ಕೊಟ್ಟು ಪೀಠದ ಕಡೆಗೆ ಮೊಗವಾಗಿ ನಿಂತು, ಮುಖ್ಯವಾದ ಪ್ರಾರ್ಥನೆಯನ್ನು ಮೆಲ್ಲನೆಯ ಧ್ವನಿಯಲ್ಲಿ ನಡೆಸುವನು. ರೊಟ್ಟಿಯನ್ನೂ ಪಾನಪಾತ್ರೆಯನ್ನೂ ಎತ್ತಿ ತೋರಿಸುವಾಗ ಕಿರುಗಂಟೆ ಬಾರಿಸುವುದು. ಆಗ ಜನರು ತಲೆ ಬಾಗುವರು. ಪೂಜೆಯ ಹೊತ್ತಿನಲ್ಲಿ ಜನರು ತಮ್ಮ ಭಾಷೆಯಲ್ಲಿ ಜಪಮಾಲೆಯನ್ನು ಎಣಿಸುವುದೂ ಉಂಟಾಗಿತ್ತು.

ಆದುದರಿಂದ ದೇಶಭಾಷೆಯು ಪೂಜೆಯ ಗರ್ಭದಲ್ಲಿ ಸ್ಥಾನವಿಲ್ಲದೆ ಅದರ ಸುತ್ತಿನಲ್ಲಿ ಬೆಳೆಯಿತು. ಮುಂಜಾನೆ, ನಡುಹಗಲು, ಸಂಜೆ ಗಂಟೆ ಬಾರಿಸಿದಾಗ ಹೇಳುವ ತ್ರಿಕಾಲ ಪ್ರಾರ್ಥನೆ; ನೂರೈವತ್ತು ಮಣಿಗಳ ಜಪಮಾಲೆ; ೧೭೩೧ರಲ್ಲಿ ಹದಿನಾಲ್ಕೆಂದು ನಿಯತವಾದ ಶಿಲುಬೆಯ ಹಾದಿಯ ಸ್ಥಾನಗಳು; ತಪಸ್ಸಿನ ಕಾಲದ ಶೋಕಗೀತಗಳು; ಸಂತರ ಹೆಸರುಗಳನ್ನು ಒಬ್ಬನು ಹೇಳುತ್ತಿರಲು ಎಲ್ಲರೂ ಒಂದೇ ಮಾತಿನಿಂದ ಓಗೊಡುವ ಪ್ರಾರ್ಥನಾಮಾಲೆ—ಇವು ಜನರ ಸ್ವತ್ತಾದುವು. ೧೭೫೯ರಲ್ಲಿ ಪೋರ್ತುಗಲ್ಲಿನ ಸರ್ಕಾರವು ಯೇಸುಸಭೆಯನ್ನು ಹೊರಹಾಕಿ, ೧೭೭೩ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಿದಾಗ ಗುರುಗಳು ವಿರಳರಾದರು. ಗುರುವಿಲ್ಲದೆ ಪೂಜೆ ನಡೆಯದು. ಜಪಕ್ಕೆ ಗುರು ಬೇಕಿಲ್ಲ. ಉಪದೇಶಿಗಳ ಮತ್ತು ಮನೆಯ ಹಿರಿಯರ ಬಾಯಿಪಾಠದಲ್ಲಿ ಈ ಪ್ರಾರ್ಥನೆಗಳು ಉಳಿದುವು. ಅವುಗಳೊಡನೆ ಹಳೆಯ ಪದಗಳೂ ಉಳಿದುವು.

ಒಬ್ಬನು ಹೇಳಿ ಹಲವರು ಓಗೊಡುವ ಈ ಕ್ರಮವು ನಮ್ಮ ಸೀಮೆಗೆ ಹೊಸದಲ್ಲ. ಮಾದೇಶ್ವರನ ಕಥೆಯನ್ನು ಕಂಸಾಳೆಯವರು ಹಾಡುವಾಗ ಮುಮ್ಮೇಳದವನು ಕಥೆಯನ್ನು ನಡೆಸುವನು, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವರು. ಅಕ್ಷರವಿಲ್ಲದವನೂ ಗಾನದಲ್ಲಿ ಭಾಗಿಯಾಗಬಹುದಾದ ಏರ್ಪಾಡು ಎರಡು ಕಡೆಗಳಲ್ಲಿಯೂ ಇದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದು ಸಾಹಸವಾದೀತು. ಒಂದನ್ನು ಬಲ್ಲ ಜನರಿಗೆ ಇನ್ನೊಂದು ಸುಲಭವಾಯಿತೆಂದು ಹೇಳುವುದರಲ್ಲಿ ಬಾಧಕವಿಲ್ಲ.

ಬೀದಿಯ ಹಬ್ಬದ ವಿಷಯದಲ್ಲಿ ನಮಗೆ ಪ್ರತ್ಯಕ್ಷದರ್ಶಿಯೊಬ್ಬರ ಮಾತು ದೊರೆತಿದೆ. ೧೭೯೯ರ ಅನಂತರ ಮೈಸೂರು ಸೀಮೆಯ ಕಥೋಲಿಕರ ಮೇಲ್ವಿಚಾರಣೆಗೆ ಬಂದ ಫ್ರೆಂಚ್ ಗುರು ಆಬೆ ದ್ಯುಬ್ವಾ ಅವರು ೧೮೨೩ರಲ್ಲಿ ಇಂಡಿಯಾವನ್ನು ಬಿಟ್ಟರು. ಅದೇ ವರ್ಷ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಅಚ್ಚಾದುವು. ದೇಶೀಯ ಕ್ರೈಸ್ತರು ರಾತ್ರಿಯಲ್ಲಿ ನಡೆಸುವ ಉತ್ಸವಗಳನ್ನೂ, ತಮ್ಮಟೆ ಕೊಂಬುಗಳ ಮೊಳಗನ್ನೂ, ಪಂಜುಗಳನ್ನೂ ಬಾಣಬಿರುಸುಗಳನ್ನೂ, ಹೂಮಾಲೆಗಳಿಂದ ಸಿಂಗರಿಸಿದ ತೇರಿನ ಮೇಲೆ ಸಂತರ ವಿಗ್ರಹವು ಬರುವುದನ್ನೂ ಅವರು ವರ್ಣಿಸಿ, ಇದನ್ನು ಕಂಡು ತಮಗೆ ನಾಚಿಕೆಯಾಗುತ್ತಿತ್ತೆಂದು ಬರೆದಿದ್ದಾರೆ. ಅವರ ನಾಚಿಕೆಯು ಅವರ ಕಾಲದ್ದು. ವರ್ಣನೆಯು ನಮಗೆ ಅಮೂಲ್ಯವಾದುದು. ಇದಕ್ಕೂ ನೂರು ವರ್ಷ ಮೊದಲೇ, ೧೭೦೪ರಲ್ಲಿ, ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ತೂರ್ನೋ ಎಂಬವರು ಹೊರಡಿಸಿದ ಆಜ್ಞೆಯಲ್ಲಿ, ಕ್ರೈಸ್ತ ವಾದ್ಯಗಾರರು ಹಿಂದೂ ದೇವಸ್ಥಾನಗಳ ಉತ್ಸವಗಳಲ್ಲಿ ನುಡಿಸಬಾರದೆಂಬ ವಿಧಿಯಿತ್ತು. ನಿಷೇಧವು ನಡೆಯುತ್ತಿದ್ದುದನ್ನಲ್ಲದೆ ಮತ್ತೊಂದನ್ನು ಕುರಿತಿರಲಾರದು. ಎಂದರೆ ಅದೇ ಮೇಳದವರೇ ಎರಡೂ ಕಡೆ ನುಡಿಸುತ್ತಿದ್ದರು.

ಹಬ್ಬದ ಉಪಕರಣಗಳೂ ಇದೇ ದಾರಿಯವು. ದೇವಾಲಯದ ಮುಂದೆ ನಿಲ್ಲಿಸಿ ಧ್ವಜವನ್ನೇರಿಸುವ ಕಂಬಕ್ಕೆ ತಮಿಳಿನಲ್ಲಿ ಕೊಡಿಮರಂ. ವಿಗ್ರಹವನ್ನು ಹೊರುವ ಮಂಟಪಕ್ಕೆ ಸಪ್ಪರಂ, ಇದು ನಮ್ಮ ಚಪ್ಪರದ ಸೋದರಪದ. ಲೂರ್ದಿನ ಗುಹೆಯನ್ನು ಅನುಕರಿಸಿ ಕಟ್ಟಿದ ಕಲ್ಲುಗೂಡಿಗೆ ತಮಿಳಿನಲ್ಲಿ ಕೆಬಿ. ಇದು ಕನ್ನಡದ ಗವಿಯೇ. ಫ್ರಾನ್ಸಿನ ಬೆಟ್ಟದ ಗುಹೆಯೊಂದು ದ್ರಾವಿಡಪದವನ್ನು ಹೊದ್ದು ಹಳ್ಳಿಯ ಅಂಗಳದಲ್ಲಿ ನಿಂತಿರುವುದು.

೬. ಕಟ್ಟಡದ ಮಾತು

ಯೇಸುಸಭೆಯವರ ಕಾಲದ ಹಳ್ಳಿಯ ಪ್ರಾರ್ಥನಾಗೃಹಗಳು ಮಣ್ಣಿನ ಗೋಡೆ, ಹುಲ್ಲಿನ ಮಾಡುಗಳವು, ಅವು ಉಳಿಯುವಂಥವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಗುರುಗಳ ಆಡಳಿತದಲ್ಲಿ, ೧೮೫೦ರಲ್ಲಿ ಮೈಸೂರೂ ಕೊಯಮತ್ತೂರೂ ಬೇರೆ ಬೇರೆ ಧರ್ಮಾಧ್ಯಕ್ಷರ ವಶವಾದ ಮೇಲೆ, ಗಾರೆಯ ಕಟ್ಟಡಗಳು ಎದ್ದುವು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ೧೮೬೦ರ ಸುಮಾರಿನಲ್ಲಿ ಕಟ್ಟಿದ, ಈಗ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ದೇವಾಲಯವು ಆ ಕಾಲದ ಅಭಿರುಚಿಯನ್ನು ತೋರಿಸುತ್ತದೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕೆಂಪು ಹೆಂಚಿನ ಮಾಡು ಎಲ್ಲ ಪಂಗಡಗಳ ಪ್ರಾರ್ಥನಾಗೃಹಗಳಿಗೂ ಸಾಧಾರಣವಾಯಿತು. ಮೈಸೂರು ನಗರದಲ್ಲಿ ೧೮೪೩ರ ಹಳೆಯ ದೇವಾಲಯದ ಸ್ಥಳದಲ್ಲಿ, ೧೯೩೩ರ ಅಕ್ಟೋಬರ್ ೨೮ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನಿಟ್ಟ ಸಂತ ಫಿಲೋಮಿನ ದೇವಾಲಯವು ಗಾಥಿಕ್ ಶೈಲಿಯ ಪರಮಾವಧಿ.

ಹೆಸರು ದೇವಾಲಯವೆಂದಾದರೂ ಕಟ್ಟಡದ ತತ್ತ್ವವು ನಮ್ಮ ದೇವಸ್ಥಾನದ್ದಲ್ಲ. ದೇವಸ್ಥಾನದಲ್ಲಿ ಗರ್ಭಗುಡಿಯು ಪ್ರಧಾನ. ಜನರು ಬಂದು ದರ್ಶನ ಮಾಡಿ, ಪ್ರದಕ್ಷಿಣೆ ಬಂದು ಹೋಗುವರು. ಕ್ರೈಸ್ತ ದೇವಾಲಯದಲ್ಲಿ ಎಲ್ಲರೂ ಏಕಕಾಲದಲ್ಲಿ ನೆರೆಯಬೇಕಾದುದರಿಂದ ಉದ್ದವಾದ ಸಭಾಂಗಣವು ಪ್ರಧಾನ. ಪ್ರದಕ್ಷಿಣೆಯ ಭಾವವು ಒಳಗೆ ಎಡೆಯಿಲ್ಲದೆ ಹೊರಗೆ ಬೀದಿಯ ಮೆರವಣಿಗೆಯಾಯಿತು. ಒಳಗೆ ಗಾಥಿಕ್ ಕಮಾನು, ಹೊರಗೆ ತೇರು: ಈ ಎರಡರ ಜೋಡಣೆಯೇ ದಕ್ಷಿಣ ಮೈಸೂರಿನ ಕಥೋಲಿಕ ಊರಿನ ಲಕ್ಷಣ.

೭. ಹಾಡಿನ ಛಂದಸ್ಸು

ಪ್ರಾಟೆಸ್ಟೆಂಟರಲ್ಲಿ ದೇಶಭಾಷೆಗೆ ಮೊದಲಿನಿಂದಲೂ ಆರಾಧನೆಯ ನಡುವಿನಲ್ಲಿಯೇ ಸ್ಥಾನವಿತ್ತು. ಆದರೆ ಅಲ್ಲಿ ತೊಡಕು ಬೇರೆಯಾಗಿತ್ತು: ಮಾತು ಕನ್ನಡ, ರಾಗ ಜರ್ಮನಿ ಇಂಗ್ಲೆಂಡುಗಳದು. ಇಂಗ್ಲಿಷ್ ಕೀರ್ತನೆಯ ಸಾಧಾರಣ ಪಾದದಲ್ಲಿ ಎಂಟು ಅಕ್ಷರಗಳು, ಅನಂತರ ಆರು. ಒಂದು ಅಕ್ಷರ ಬಿಟ್ಟು ಒಂದಕ್ಕೆ ಊರುಬೀಳುವುದು. ಕನ್ನಡದಲ್ಲಿ ಲೆಕ್ಕವು ಊರಿನದಲ್ಲ, ಮಾತ್ರೆಯದು. ದಯಾಳು ಎಂಬುದು ಅಂಥ ಧಾಟಿಗೆ ಹೊಂದುವುದು; ದಕಾರವು ಹಗುರವಾಗಿ, ಯಾಕಾರವು ಊರಿಗೆ ಸಿಕ್ಕುವುದು. ಪ್ರೀತಿಯ ಎಂಬುದು ಹೊಂದದು; ಗುರುವಾದ ಪ್ರೀಕಾರವು ಹಗುರ ಸ್ವರದ ಮೇಲೆ ಕುಗ್ಗಿ, ಲಘುವಾದ ತಿಕಾರವು ಊರಿನ ಮೇಲೆ ಹಿಗ್ಗಿ, ಪ್ರಿತೀಯ ಎಂದು ಕೇಳಿಸುವುದು. ಅನುವಾದದ ಗೀತಗಳು ಕನ್ನಡಿಗರ ಕಿವಿಗೆ ಒರಟಾಗುವುದಕ್ಕೆ ಮುಖ್ಯಕಾರಣವಿದೇ ಹೊರತು ಭಾಷಾಂತರಕಾರರ ಅಜ್ಞಾನವಲ್ಲ.

ಕಿಟ್ಟೆಲರು ೧೮೬೨ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸುಗಳಲ್ಲಿ ಹಾಡಿದುದು ಈ ತೊಡಕಿಗೆ ಒಂದು ಉತ್ತರ. ನಾಗವರ್ಮನ 'ಛಂದೋಂಬುಧಿ'ಯನ್ನು ಅವರೇ ೧೮೭೫ರಲ್ಲಿ ಸಂಪಾದಿಸಿದುದನ್ನು ಇದರೊಡನೆ ಸ್ಮರಿಸಬೇಕು. ಇನ್ನೊಂದು ಉತ್ತರವು ತಮಿಳು ನಾಡಿನಿಂದ ಬಂದಿತು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳ (೧೭೭೪–೧೮೬೪) ಪರಂಪರೆಯಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಕ್ರೈಸ್ತ ಕೀರ್ತನೆಗಳು ಸಭೆಯ ಗಾನವಾದುವು. ಪಲ್ಲವಿಯು ಮತ್ತೆ ಮತ್ತೆ ಬರುವುದರಿಂದ ಪುಸ್ತಕವನ್ನು ಹಿಡಿಯಲಾರದವರಿಗೂ ಹಾಡು ವಶವಾಗುವುದು.

೮. ಗರ್ಭಕ್ಕೆ ಬಂದ ದೇಶಭಾಷೆ

೧೯೬೩ರ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯನ್ನು ಕುರಿತ ಶಾಸನವನ್ನು ಪ್ರಕಟಿಸಿತು. ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆ ದೊರೆಯಿತು; ಆಯಾ ಜನಾಂಗದ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದಾಯಿತು. ೧೯೬೪ರ ನಿರೂಪದಂತೆ ಪೀಠವನ್ನು ಗೋಡೆಯಿಂದ ಬಿಡಿಸಿ, ಗುರುವು ಜನರಿಗೆ ಅಭಿಮುಖನಾಗಿ ನಿಲ್ಲಲು ಅನುಕೂಲವಾಯಿತು. ೧೯೬೭ರಲ್ಲಿ ಬೆಂಗಳೂರಿನಲ್ಲಿ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾಯಿತು. ೧೯೬೯ರಲ್ಲಿ ಇಂಡಿಯಾದ ಪೂಜೆಗೆ ಹನ್ನೆರಡು ಹೊಂದಾಣಿಕೆಗಳನ್ನು ರೋಮ್ ಅನುಮೋದಿಸಿತು: ನೆಲದ ಮೇಲೆ ಕುಳಿತುಕೊಳ್ಳುವುದು, ಅಂಜಲಿ, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಮೊದಲಾದುವು. ನೊಬಿಲಿಯವರ ಕಾಲದಲ್ಲಿ ವಿವಾದಾಸ್ಪದವಾಗಿ, ೧೭೪೪ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರ ಶಾಸನದಿಂದ ಬಿಗಿಯಾದ ಕಟ್ಟುಪಾಡಿಗೆ ಒಳಗಾದ ಮಾರ್ಗವು ಎರಡು ಶತಮಾನಗಳ ತರುವಾಯ ಮತ್ತೆ ತೆರೆಯಿತು.

ಈ ಸುಧಾರಣೆಯು ಕೊಳ್ಳೇಗಾಲದ ಸೀಮೆಗೆ ಬಂದಾಗ ಬೇರೆಡೆ ಇಲ್ಲದ ಪ್ರಶ್ನೆಯೊಂದು ಎದ್ದಿತು. ದೇಶಭಾಷೆಯೆಂದರೆ ಯಾವುದು? ರಾಜ್ಯಗಳ ಪುನರ್ವಿಂಗಡಣೆಯಾಗಿ ಏಳು ವರ್ಷವಷ್ಟೇ ಕಳೆದಿತ್ತು. ಲ್ಯಾಟಿನು ಯಾರ ಮನೆಮಾತೂ ಅಲ್ಲದುದರಿಂದ ಯಾರಿಗೂ ಮೇಲುಕೀಳಿನ ಭಾವವುಂಟಾಗಿರಲಿಲ್ಲ. ಅದು ಹೋದೊಡನೆ ಅಜ್ಜಿಯ ಜಪದ ತಮಿಳು, ಮೊಮ್ಮಗನ ಪಾಠದ ಕನ್ನಡ ಎರಡೂ ಪೀಠದ ಮುಂದೆ ನಿಂತುವು. ಎರಡೂ ಪಕ್ಷದಲ್ಲಿ ನ್ಯಾಯವಿದೆ. ಮನೆಯ ಮಾತಿನಲ್ಲಿಯೇ ಪ್ರಾರ್ಥನೆಯು ಹೃದಯದಿಂದ ಹೊರಡುವುದೆಂಬುದು ಒಂದು ಪಕ್ಷ. ತಾವು ಬಾಳುವ ನಾಡಿನ ಮಾತಿನಲ್ಲಿ ಪ್ರಾರ್ಥಿಸದವರು ಆ ನಾಡಿನ ಸಾಹಿತ್ಯಕ್ಕೆ ಪರಕೀಯರಾಗಿಯೇ ಉಳಿಯುವರೆಂಬುದು ಮತ್ತೊಂದು. ಇದನ್ನು ತೀರ್ಮಾನಿಸುವುದು ಆ ಜನರಿಗೆ ಸೇರಿದ ವಿಷಯ.

ಭಾಷಾಭ್ಯಾಸಿಗಳಾದ ನಮಗೆ ಸೇರಿದುದು ಇನ್ನೊಂದಿದೆ. ಪೂಜೆಯ ಕನ್ನಡವು ರಾಜ್ಯಕ್ಕೆಲ್ಲ ಏಕರೂಪವಾಗಬೇಕಾಗಿ ಬಂದುದರಿಂದ ದಿವ್ಯಪೂಜೆ, ಧರ್ಮಸಭೆ, ಧರ್ಮಾಧ್ಯಕ್ಷ, ಬಲಿಪೀಠ, ಕೃಪಾವರ, ಪಾಪನಿವೇದನೆ ಎಂಬ ಸಂಸ್ಕೃತಭೂಯಿಷ್ಠವಾದ ಗಂಭೀರ ಪರಿಭಾಷೆಯು ಏರ್ಪಟ್ಟಿತು. ಅದು ಶುದ್ಧವಾಗಿದೆ, ಅರ್ಥಸ್ಪಷ್ಟವಾಗಿದೆ. ಆದರೆ ಅದು ಬಂದಲ್ಲೆಲ್ಲ ಜ್ಞಾನಸ್ನಾನವು ದೀಕ್ಷಾಸ್ನಾನಕ್ಕೆ ಸ್ಥಳವನ್ನು ಬಿಟ್ಟುಕೊಟ್ಟಿತು. ರಾಯಪ್ಪನು ಪೇತ್ರನಾದನು, ಅರುಳಪ್ಪನು ಯೋಹಾನನಾದನು. ಹಳೆಯ ಪದಗಳು ತಪ್ಪೆಂದು ಯಾರೂ ಹೇಳಲಿಲ್ಲ. ಅವನ್ನು ಕಲಿಸುವವರು ಇಲ್ಲದಾದರು, ಅಷ್ಟೆ.

ಬೆಂಗಳೂರಿನಲ್ಲಿ ಕಥೋಲಿಕ ಗುರುಗಳು ೧೮೫೫ರಲ್ಲಿ ಅಚ್ಚು ಮಾಡಿಸಿದ ಕನ್ನಡ–ಲ್ಯಾಟಿನ್ ನಿಘಂಟನ್ನೂ, ೧೮೬೧ರ ಲ್ಯಾಟಿನ್–ಕನ್ನಡ ನಿಘಂಟನ್ನೂ ನಮ್ಮ ಕೋಶಕಾರರು ರೀವ್ ಮತ್ತು ಕಿಟ್ಟೆಲರ ನಿಘಂಟುಗಳೊಡನೆ ಪದಪದವಾಗಿ ಹೋಲಿಸಬೇಕು. ಕಿಟ್ಟೆಲರಿಗಿಂತ ಮೂವತ್ತು ನಾಲ್ವತ್ತು ವರ್ಷ ಹಿಂದಿನ ಒಳನಾಡಿನ ಬಳಕೆಯು ಅವುಗಳಲ್ಲಿ ದೊರೆಯುವುದು. ಅದಕ್ಕಿಂತ ತುರ್ತಾದುದು ಬಾಯಿಮಾತಿನ ಸಂಗ್ರಹ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಕೆಲಸಮಾಡುವ ಉಪಾಧ್ಯಾಯರಿಗೆ ಇದು ಅಸಾಧ್ಯವಾದುದಲ್ಲ. ತಮ್ಮ ತರಗತಿಯ ಮಕ್ಕಳನ್ನು ಅವರ ಮನೆಯ ಹಿರಿಯರು ಜಪಮಾಲೆಗೆ, ಧೂಪದ ಪಾತ್ರೆಗೆ, ಮೇಣದ ಬತ್ತಿಗೆ, ಹಬ್ಬದ ಒಂಬತ್ತು ದಿನಗಳಿಗೆ ಏನೆನ್ನುವರೆಂದು ಕೇಳಿ ಬರೆದುಕೊಂಡರೂ ಸಾಕು. ತಮಿಳೆಂದು ಕೆಲವನ್ನು, ಅಶುದ್ಧವೆಂದು ಕೆಲವನ್ನು ಬಿಟ್ಟುಬಿಡದೆ ಕೇಳಿದುದನ್ನು ಕೇಳಿದಂತೆ ಬರೆಯಬೇಕು. ಸಿರಿಯಕ್ಕಿನ ಸ್ಲೀಬಾ ಕನ್ನಡದ ಶಿಲುಬೆಯಾಗುವವರೆಗಿನ ದಾರಿಯಲ್ಲಿ ಅದನ್ನು ಹೊತ್ತು ತಂದವರು ಪಂಡಿತರು ಮಾತ್ರವಲ್ಲ. ಗುರುವಿಲ್ಲದ ದಿನಗಳಲ್ಲಿಯೂ ಸಂಜೆಯ ಗಂಟೆಗೆ ಎದ್ದು ನಿಂತು ಜಪವನ್ನು ಹೇಳಿದ ಊರವರು. ಅವರ ಮಾತನ್ನು ಬರೆದಿಡುವುದು ಕನ್ನಡದ ಚರಿತ್ರೆಯನ್ನು ಬರೆಯುವುದರ ಒಂದು ಭಾಗವೇ ಆಗಿದೆ.